ಎರಡು ಮೀಟರ್ ಬೆಲ್ಟು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಹೇಳಲಿ. ಹದಿನೇಳು ವರ್ಷ ಒಂದೇ ಸ್ಟೂಲಿನ ಮೇಲೆ ಕೂತು, ಕಿವಿ ಕಿತ್ತುಹೋಗುವ ಹಾಗೆ ಬಡಿದುಕೊಳ್ಳುವ ಮಷೀನಿನಲ್ಲಿ ಭಾರ ಎತ್ತುವ ಬೆಲ್ಟು ಹೊಲಿದು ನೋಡಲಿ, ಆಮೇಲೆ ಅವರ ಕೋಪ ಎಲ್ಲಿರುತ್ತದೋ ನಾನೂ ನೋಡುತ್ತೇನೆ. ಬೆಲ್ಟು ಎಂದರೆ ಸೊಂಟಕ್ಕೆ ಕಟ್ಟುವುದಲ್ಲ. ಅಂಗೈ ಅಗಲದ ದಪ್ಪ ಪಟ್ಟಿ, ಎರಡು ತುದಿಗೂ ಕುಣಿಕೆ. ಒಂದು ಕುಣಿಕೆ ಕ್ರೇನಿನ ಹುಕ್ಕಿಗೆ, ಇನ್ನೊಂದು ಎತ್ತಬೇಕಾದ ಸಾಮಾನಿಗೆ. ಪ್ರತಿ ಬೆಲ್ಟಿಗೂ ಒಂದು ನೀಲಿ ಲೇಬಲ್, ಅದರ ಮೂಲೆಯಲ್ಲಿ ಹೊಲಿದವರ ನಂಬರು. ನನ್ನದು ಏಳು. ಏಳನೇ ನಂಬರಿನ ಹೊಲಿಗೆ ಬಿಟ್ಟುಕೊಂಡಿತು ಎಂದು ಈ ಹದಿನೇಳು ವರ್ಷದಲ್ಲಿ ಒಬ್ಬರೂ ಬಾಯಿ ತೆರೆದಿರಲಿಲ್ಲ.

ಆ ಬುಧವಾರ ತೆರೆದರು.

ನನ್ನ ಮೈದುನನೂ ಅದೇ ಕಂಪನಿಯಲ್ಲಿ ರಿಗ್ಗರ್. ಅಂದರೆ ಭಾರಕ್ಕೆ ಬೆಲ್ಟು ಕಟ್ಟಿ, ಕ್ರೇನ್ ನಡೆಸುವವನಿಗೆ ಕೆಳಗಿನಿಂದ ಕೈಸನ್ನೆ ಮಾಡುವವನು. ಅದಕ್ಕೊಂದು ಕಾರ್ಡು ಇರುತ್ತದೆ. ಕಾರ್ಡಿಲ್ಲದವನು ಹುಕ್ಕು ಮುಟ್ಟುವ ಹಾಗಿಲ್ಲ. ಅವತ್ತು ಒಂದು ಹಳೆಯ ಲೇತ್ ಮಷೀನಿನ ಬೆಡ್ಡನ್ನು ಲಾರಿಗೆ ಹೇರಬೇಕಿತ್ತು. ಒಂದೂವರೆ ಟನ್ ತೂಕದ, ಉದ್ದನೆಯ ಕಬ್ಬಿಣದ ತಳ. ಮೂರು ಮೀಟರಿನ ಎರಡು ಬೆಲ್ಟು ಬೇಕು ಎಂದು ಮೈದುನ ಹಿಂದಿನ ದಿನವೇ ಹೇಳಿಟ್ಟಿದ್ದ. ಬೆಳಿಗ್ಗೆ ಅವನು ಬಂದಾಗ ಒಂದು ಮುಗಿದಿತ್ತು, ಇನ್ನೊಂದು ಸೂಜಿಯ ಕೆಳಗೆ ಅರ್ಧದಲ್ಲಿತ್ತು.

ಸುಮ್ಮನೆ ನಿಂತು ಕಾಯಬಹುದಿತ್ತಲ್ಲ, ಇಲ್ಲ. ನಮ್ಮ ಇಡೀ ಸಾಲಿಗೆ ಕೇಳುವ ಹಾಗೆ, ಅತ್ತಿಗೆ ಈ ಬೆಲ್ಟು ನನ್ನ ಮಗನ ಮದುವೆ ಹೊತ್ತಿಗಾದರೂ ಮುಗಿಯುತ್ತಾ ಎಂದ. ಇನ್ನೂ ತನಗೇ ಹೆಣ್ಣು ಸಿಗದವನು. ಹೆಂಗಸರೆಲ್ಲ ಮಷೀನು ನಿಲ್ಲಿಸಿ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ನಲವತ್ತು ನಿಮಿಷ ಆಗುತ್ತದೆ, ಅಷ್ಟು ಅವಸರ ಇದ್ದರೆ ರ‍್ಯಾಕಿನಲ್ಲಿ ಎರಡು ಮೀಟರಿನ ಜೋಡಿ ಇದೆ, ತೆಗೆದುಕೊಂಡು ಹೋಗು ಎಂದೆ.

"ಗಿಡ್ಡ ಆಗುತ್ತೆ ಅತ್ತಿಗೆ," ಎಂದ ಅವನು. "ಬೆಡ್ಡು ಉದ್ದ ಇದೆ. ಬೆಲ್ಟು ಅಡ್ಡಡ್ಡ ಮಲಗಿಬಿಟ್ರೆ ಸಿಟ್ಟು ಮಾಡ್ಕೊಳ್ಳುತ್ತೆ."

"ಶಕ್ತಿ ಇರೋದು ಹೊಲಿಗೇಲಿ, ಉದ್ದದಲ್ಲಲ್ಲ. ಅದೂ ಒಂದು ಟನ್ನು, ಇದೂ ಒಂದು ಟನ್ನು. ಲೇಬಲ್ ಓದೋಕೆ ಬರಲ್ವಾ ನಿಂಗೆ?"

ಅಷ್ಟರಲ್ಲಿ ಮ್ಯಾನೇಜರು ಬಾಗಿಲಲ್ಲಿ ನಿಂತು ಲಾರಿ ಕಾಯುತ್ತಿದೆ ಎಂದು ಕೂಗಿದರು. ಮಾತಿಗೊಮ್ಮೆ ಕೈಗಡಿಯಾರ ನೋಡುವ ಅವರನ್ನು ನಾವೆಲ್ಲ ಗಡಿಯಾರ ಎಂದೇ ಕರೆಯುವುದು. ಮೈದುನ ನನ್ನ ಮುಖ ನೋಡಿದ, ಗಡಿಯಾರದ ಮುಖ ನೋಡಿದ, ಎರಡು ಮೀಟರಿನ ಜೋಡಿಯನ್ನು ಹೆಗಲಿಗೆ ಹಾಕಿಕೊಂಡು ಹೋದ.

ಮಷೀನಿನ ಸದ್ದಿನಲ್ಲೂ ನನಗೆ ಆ ಸದ್ದು ಕೇಳಿಸಿತು. ಬೆಡ್ಡು ನೆಲದಿಂದ ಎರಡಡಿ ಎದ್ದಿತ್ತಂತೆ. ಒಂದು ಬೆಲ್ಟು ಕುಣಿಕೆಯ ಹತ್ತಿರ ಹರಿದು, ಬೆಡ್ಡಿನ ಒಂದು ತುದಿ ಅವನ ಎಡಗಾಲಿನ ಮೇಲೆ ಬಂದು ಕೂತಿತು. ಎರಡು ಬೆರಳು ಹೋದವು. ನಾನು ಓಡಿಹೋದಾಗ ಅವನು ಕಿರುಚುತ್ತಲೂ ಇರಲಿಲ್ಲ, ಅಳುತ್ತಲೂ ಇರಲಿಲ್ಲ. ಏನಾಯಿತು, ಏನಾಯಿತು ಎಂದು ನನ್ನನ್ನೇ ಕೇಳುತ್ತಿದ್ದ.

ಅದೇ ನನಗೂ ಗೊತ್ತಾಗಲಿಲ್ಲ. ಗಡಿಯಾರ ಹರಿದ ಬೆಲ್ಟನ್ನು ಎತ್ತಿ, ಲೇಬಲ್ ತಿರುಗಿಸಿ, ಏಳು ಎಂದು ಗಟ್ಟಿಯಾಗಿ ಓದಿ, ಚೀಲಕ್ಕೆ ಹಾಕಿ ಸೀಲು ಮಾಡಿದರು. ಸೋಮವಾರ ತನಿಖೆ. ಹೊಲಿಗೆಯದೇ ತಪ್ಪು ಎಂದಾದರೆ ನಂಬರು ರದ್ದು. ರದ್ದಾದ ಮೇಲೆ ಈ ಕಸುಬಿನಲ್ಲಿ ಯಾವ ಕಂಪನಿಯೂ ಮಷೀನಿನ ಮುಂದೆ ಕೂರಿಸುವುದಿಲ್ಲ. ನನಗೆ ಬರುವುದು ಇದೊಂದೇ ಕೆಲಸ.

ಗುರುವಾರ, ಶುಕ್ರವಾರ ಅಡುಗೆಮನೆಯಲ್ಲೂ ಸ್ನಾನದ ಮನೆಯಲ್ಲೂ ನಾನು ಮಾಡಿದ್ದು ಒಂದೇ ಲೆಕ್ಕ. ಭಾರ ಒಂದೂವರೆ ಟನ್. ಬೆಲ್ಟು ಎರಡು. ತಲಾ ಮುಕ್ಕಾಲು ಟನ್. ಬೆಲ್ಟು ತಡೆಯುವುದು ಒಂದು ಟನ್. ಇನ್ನೂ ಕಾಲು ಟನ್ ಉಳಿಯುತ್ತದೆ. ಮಗ್ಗಿ ಬರುವ ಮಕ್ಕಳೂ ಮಾಡುವ ಲೆಕ್ಕ. ಹಾಗಾದರೆ ಹರಿದದ್ದು ಯಾಕೆ? ನನ್ನ ಹೊಲಿಗೆ ಕೆಟ್ಟಿರಬೇಕು. ಆದರೆ ನನ್ನ ಹೊಲಿಗೆ ಕೆಡುವುದಿಲ್ಲ. ಈ ಎರಡರ ನಡುವೆ ತಿರುಗಿ ತಿರುಗಿ ತಲೆ ಕೆಟ್ಟು ಮೊಸರು ಗಡಿಗೆಯಾಯಿತು. ಶುಕ್ರವಾರ ಸಾರಿಗೆ ಉಪ್ಪು ಎರಡು ಸಲ ಬಿತ್ತು. ಆಸ್ಪತ್ರೆಯಿಂದ ಮನೆಗೆ ಬಂದಿದ್ದ ಮೈದುನ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು, ಒಂದು ಮಾತೂ ಆಡದೆ ಅದನ್ನೇ ಉಂಡ. ಅವನು ಏನಾದರೂ ಅಂದಿದ್ದರೆ ಎಷ್ಟೋ ಚೆನ್ನಾಗಿತ್ತು.

ಶನಿವಾರ ಮಧ್ಯಾಹ್ನ ಮಗಳು ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಕೂತಿದ್ದಳು. ಕಾಲೇಜಿನ ಮೊದಲ ವರ್ಷ, ಫಿಸಿಕ್ಸು. ನನ್ನ ಯಜಮಾನರು ಲಾರಿ ಓಡಿಸುವವರು, ಮನೆಗೆ ಬರುವುದೇ ಹದಿನೈದು ದಿನಕ್ಕೊಮ್ಮೆ. ಹಾಗಾಗಿ ನಾನು ಮಾತಾಡಬೇಕೆಂದರೆ ಇವಳೇ. ತಟ್ಟೆ ಇಡಲು ಪುಸ್ತಕ ಸರಿಸಿದಾಗ ಅದರಲ್ಲೊಂದು ಚೌಕ, ಚೌಕದ ಮೇಲಿನಿಂದ ಎರಡು ಓರೆ ಗೆರೆ, ಗೆರೆಯ ತುದಿಗೆ ಬಾಣ ಕಂಡಿತು. ಕ್ರೇನಿಗೆ ನೇತುಹಾಕಿದ ಬೆಡ್ಡಿನ ಹಾಗೆಯೇ ಇತ್ತು. ಇದೇನೇ ಎಂದು ಕೇಳಿದೆ.

ಫ್ರೀ ಬಾಡಿ ಡಯಾಗ್ರಾಮ್ ಎಂದಳು. ಒಂದು ವಸ್ತುವನ್ನು ಅದರ ಸುತ್ತಮುತ್ತಲಿನ ಎಲ್ಲದರಿಂದ ಬಿಡಿಸಿ ಒಂಟಿಯಾಗಿ ಬರೆಯಬೇಕು, ಅದರ ಮೇಲೆ ಯಾವ ಯಾವ ಬಲ ಬೀಳುತ್ತದೋ ಅಷ್ಟಕ್ಕೆ ಮಾತ್ರ ಬಾಣ ಹಾಕಬೇಕು. ಅಷ್ಟೇನಾ ಎಂದೆ. ಅಷ್ಟೇ ಎಂದಳು. ಹಾಗಾದರೆ ನನ್ನ ಬೆಡ್ಡನ್ನೂ ಬರೆಯೋಣ ಎಂದು ಅವಳ ಪೆನ್ಸಿಲು ಕಿತ್ತುಕೊಂಡೆ.

ನಾನು ಬರೆದದ್ದು ನೋಡಿ ಅವಳು ಹಣೆ ಚಚ್ಚಿಕೊಂಡಳು. ಬೆಡ್ಡು ಬರೆದಿದ್ದೆ, ಬೆಲ್ಟು ಬರೆದಿದ್ದೆ, ಹುಕ್ಕು, ಕ್ರೇನು, ಲಾರಿ, ಕೆಳಗೆ ಟೋಪಿ ಹಾಕಿಕೊಂಡ ಮೈದುನ, ಬಾಗಿಲಲ್ಲಿ ಗಡಿಯಾರ, ಮೂಲೆಯಲ್ಲಿ ಮಷೀನಿನ ಮುಂದೆ ನನ್ನನ್ನೂ ಬರೆದಿದ್ದೆ. ಅವಳು ಒಂದೊಂದನ್ನೇ ರಬ್ಬರಿನಿಂದ ಅಳಿಸುತ್ತಾ ಬಂದಳು. ಕ್ರೇನು ಬೇಡ, ಅದು ಬೆಡ್ಡನ್ನು ಮುಟ್ಟುತ್ತಿಲ್ಲ. ಲಾರಿ ಬೇಡ. ಮ್ಯಾನೇಜರು ಬೇಡವೇ ಬೇಡ.

ಚಿಕ್ಕಪ್ಪನೂ ಬೇಡವೇನೇ ಎಂದೆ. ಚಿಕ್ಕಪ್ಪ ಬೆಡ್ಡನ್ನು ಮುಟ್ಟಿಕೊಂಡಿದ್ದರಾ ಎಂದು ಕೇಳಿದಳು. ಇಲ್ಲ, ಕೊನೆಗೆ ಅದೇ ಅವನನ್ನು ಮುಟ್ಟಿತು ಎಂದೆ. ಅವಳು ಅವನನ್ನೂ ಅಳಿಸಿದಳು. ಆಮೇಲೆ ಮೂಲೆಯಲ್ಲಿದ್ದ ನನ್ನನ್ನು ಅಳಿಸಿದಳು.

"ನಾನು ಹೊಲಿದ ಬೆಲ್ಟು ಕಣೇ ಅದು. ನಾನೇ ಇಲ್ಲ ಅಂದ್ರೆ ಹೇಗೆ?"

"ಮುಟ್ಟಿದ್ದಕ್ಕೆ ಮಾತ್ರ ಬಾಣ ಅಮ್ಮ. ಅದು ಬಿಟ್ರೆ ಭೂಮಿ ಎಳೆಯೋದು. ನೀನು ಅಲ್ಲಿ ಎಲ್ಲೂ ಬರಲ್ಲ."

ಉಳಿದದ್ದು ಒಂದು ಉದ್ದನೆಯ ಡಬ್ಬಿ. ಭೂಮಿ ಎಳೆಯುವುದಕ್ಕೆ ಕೆಳಮುಖವಾಗಿ ಒಂದು ಬಾಣ ಹಾಕಿದೆ. ಬೆಲ್ಟುಗಳಿಗೂ ಕೆಳಮುಖವಾಗಿಯೇ ಬಾಣ ಹಾಕಿದೆ. ಅದು ತಪ್ಪಂತೆ. ತಪ್ಪು ಹೇಗೆ? ಬೆಡ್ಡು ಬೆಲ್ಟನ್ನು ಕೆಳಗೆ ಜಗ್ಗುವುದಿಲ್ಲವೇ? ಜಗ್ಗುತ್ತದೆ, ಆದರೆ ಅದು ಬೆಲ್ಟಿನ ಪಾಡು, ನೀನು ಬರೆಯುತ್ತಿರುವುದು ಬೆಡ್ಡಿನ ಚಿತ್ರ, ಯಾರ ಚಿತ್ರವೋ ಅವರ ಮೇಲೆ ಬಿದ್ದದ್ದು ಮಾತ್ರ ಎಂದಳು. ಮೂರು ಸಲ ಅದೇ ತಪ್ಪು ಮಾಡಿದೆ. ಮೂರನೇ ಸಲ ಪೆನ್ಸಿಲಿನ ಮೊನೆ ಮುರಿಯಿತು. ನಿನ್ನ ಓದಿಗಿಷ್ಟು ಎಂದು ಎದ್ದು ಹೋಗಿ ಪಾತ್ರೆ ತೊಳೆದೆ, ಒಂದು ಬಾಣಲೆಯ ಕರಿ ಕಿತ್ತು ಹೋಗುವಷ್ಟು ಉಜ್ಜಿ ವಾಪಸು ಬಂದು ಕೂತೆ.

ಬಾಣಗಳನ್ನು ಬೆಲ್ಟು ಹೋದ ದಿಕ್ಕಿಗೇ, ಓರೆಯಾಗಿ ಮೇಲಕ್ಕೆ ಹಾಕಿದಳು. ಬೆಡ್ಡಿನಲ್ಲಿ ಬೆಲ್ಟು ಸಿಕ್ಕಿಸುವ ಎರಡು ಕೊಂಡಿಗಳ ನಡುವೆ ಎಷ್ಟು ದೂರ ಎಂದು ಕೇಳಿದಳು. ಮೈದುನ ಬೆಲ್ಟಿಗೆ ಹೇಳಿಟ್ಟಾಗ ಕೊಟ್ಟ ಅಳತೆ ನೆನಪಿತ್ತು, ನಾಲ್ಕು ಮೀಟರಿಗೆ ಹತ್ತು ಸೆಂಟಿಮೀಟರ್ ಕಮ್ಮಿ ಎಂದೆ. ಬೆಲ್ಟು ಎಷ್ಟು ಉದ್ದ? ಎರಡು ಮೀಟರ್. ಅವಳು ಸ್ಕೇಲು ಇಟ್ಟು ಎಳೆದಳು. ಬೆಲ್ಟುಗಳು ಬೆಡ್ಡಿನ ಮೇಲೆ ಹೆಚ್ಚುಕಮ್ಮಿ ಮಲಗಿಯೇಬಿಟ್ಟಿದ್ದವು. ಹುಕ್ಕು ಒಂದು ಮೊಳ ಎತ್ತರದಲ್ಲಿ ಮಾತ್ರ ಇತ್ತು. ಏನೇನೋ ಗುಣಿಸಿ ಭಾಗಿಸಿ ಒಂದು ಸಂಖ್ಯೆಯ ಸುತ್ತ ಗೆರೆ ಹಾಕಿದಳು. ಒಂದೊಂದು ಬೆಲ್ಟಿನ ಮೇಲೂ ಮೂರೂವರೆ ಟನ್ನಿಗೆ ಚೂರು ಕಮ್ಮಿ ಬಿದ್ದಿತ್ತಂತೆ.

ನಾನು ನಕ್ಕುಬಿಟ್ಟೆ. ಇಡೀ ಬೆಡ್ಡೇ ಒಂದೂವರೆ ಟನ್. ಎರಡು ಬೆಲ್ಟಿಗೆ ಮೂರೂವರೆ, ಮೂರೂವರೆ, ಏಳು ಟನ್. ಉಳಿದ ಐದೂವರೆ ಟನ್ ಎಲ್ಲಿಂದ ಬಂತು, ಯಾರು ತಂದು ಇಟ್ಟರು? ಯಾರೂ ಇಟ್ಟಿಲ್ಲ ಎಂದಳು. ಬೆಲ್ಟು ಹೆಚ್ಚಾಗಿ ಅಡ್ಡಕ್ಕೆ ಎಳೆಯುತ್ತಿದೆ, ಮೇಲಕ್ಕೆ ಎತ್ತುವುದು ಅದರಲ್ಲಿ ಚೂರು ಮಾತ್ರ. ಇದು ಅತ್ತ, ಅದು ಇತ್ತ, ಒಂದನ್ನೊಂದು ಎಳೆದಾಡಿಕೊಂಡು ಸುಸ್ತಾಗುತ್ತಿವೆ. ನನಗೆ ತಲೆಬುಡ ಅರ್ಥವಾಗಲಿಲ್ಲ. ಇಲ್ಲದ ತೂಕ ಹೇಗೆ ಹುಟ್ಟುತ್ತದೆ? ತೂಗಿದರೆ ತಕ್ಕಡಿಯಲ್ಲಿ ಬರುತ್ತದೆಯೇ?

ಬಾ ಎಂದು ಕೈ ಹಿಡಿದು ಹಿಂದಿನ ಅಂಗಳಕ್ಕೆ ಎಳೆದುಕೊಂಡು ಹೋದಳು. ಬಟ್ಟೆ ಹಾಕುವ ಹಗ್ಗ ಬಿಚ್ಚಿ, ಅದರ ನಡುವೆ ಆಲೂಗಡ್ಡೆಯ ಚೀಲ ಕಟ್ಟಿದಳು. ಮೂರು ಕಿಲೋ ಇದ್ದೀತು. ಒಂದು ತುದಿ ಅವಳಿಗೆ, ಒಂದು ನನಗೆ. ಹತ್ತಿರ ಹತ್ತಿರ ನಿಂತು ಎತ್ತಿದಾಗ ಹೂವಿನ ಹಾಗೆ ಎದ್ದಿತು. ಈಗ ದೂರ ಹೋಗು, ಹಗ್ಗ ನೆಟ್ಟಗಾಗುವವರೆಗೆ ಎಳೆ ಎಂದಳು. ಎಳೆದೆ. ಹಿಮ್ಮಡಿ ಊರಿ ಎಳೆದೆ. ಹದಿನೇಳು ವರ್ಷ ಬೆಲ್ಟು ಜಗ್ಗಿದ ತೋಳು ನನ್ನದು, ಆದರೂ ಮೂರು ಕಿಲೋ ಆಲೂಗಡ್ಡೆ ನಡುವೆ ಜೋತುಕೊಂಡೇ ಇತ್ತು. ಅಂಗೈ ಚರ್ಮ ಸುಲಿಯಿತು. ಆಗ, ತಲೆಗೆ ಹೋಗದ್ದು ಕೈಗೆ ಹೋಯಿತು.

ಬೆಲ್ಟು ಅಡ್ಡಡ್ಡ ಮಲಗಿದರೆ ಸಿಟ್ಟು ಮಾಡಿಕೊಳ್ಳುತ್ತದೆ.

ಹಗ್ಗ ಕೈಬಿಟ್ಟೆ. ಆಲೂಗಡ್ಡೆ ಅಂಗಳದ ತುಂಬಾ ಉರುಳಿದವು. ಮೊದಲು ಬಂದದ್ದು ಸಂತೋಷ, ಸುಳ್ಳು ಯಾಕೆ ಹೇಳಲಿ. ನನ್ನ ಹೊಲಿಗೆ ಕೆಟ್ಟಿರಲಿಲ್ಲ. ಒಂದು ಟನ್ನಿನ ಬೆಲ್ಟು ಅದಕ್ಕಿಂತ ಹೆಚ್ಚು ತಡೆಯುತ್ತದೆ, ನಿಜ, ಆದರೆ ಮೂರೂವರೆ, ಮೇಲೆ ಕ್ರೇನಿನ ಜಗ್ಗು, ಕೊಂಡಿಯ ಅಂಚಿನ ಉಜ್ಜು, ಎಲ್ಲ ಸೇರಿದರೆ ಯಾರ ಹೊಲಿಗೆ ನಿಂತೀತು? ಅದೇ ಮೂರು ಮೀಟರಿನದಾಗಿದ್ದರೆ ಎಂದು ಕೇಳಿದೆ. ಅವಳು ಒಳಗೆ ಹೋಗಿ ಲೆಕ್ಕ ಮಾಡಿಕೊಂಡು ಬಂದಳು. ಒಂದು ಟನ್ನಿನೊಳಗೇ ಬರುತ್ತಿತ್ತು ಅಮ್ಮ, ಸರಿಯಾಗಿ ಒಂದರೊಳಗೆ ಎಂದಳು. ನನ್ನ ಸಂತೋಷ ಅಲ್ಲೇ ನಿಂತುಹೋಯಿತು.

ಮನೆಯಲ್ಲಿ ಹಳೆಯ ಲೇಬಲುಗಳ ಒಂದು ಕಂತೆ ಇತ್ತು, ಹೊಲಿಗೆ ಡಬ್ಬಿಯ ತಳದಲ್ಲಿ. ಯಾಕೆ ತೆಗೆದೆನೋ ಗೊತ್ತಿಲ್ಲ. ಒಂದು ಟನ್ ಎಂದು ದಪ್ಪಕ್ಷರದಲ್ಲಿ, ಅದರ ಕೆಳಗೆ ಒಂದು ಸಾಲು ಚಿಕ್ಕ ಚಿಕ್ಕ ಚಿತ್ರ. ನಾನು ಅದನ್ನು ಕಂಪನಿಯ ಅಂಚಿನ ಡಿಸೈನು ಎಂದುಕೊಂಡಿದ್ದೆ. ಮಗಳು ಬೆಳಕಿಗೆ ಹಿಡಿದು ನೋಡಿದಳು. ನೇರವಾಗಿ ನೇತುಬಿದ್ದ ಒಂದು ಬೆಲ್ಟು. ಕಾಲು ಚಾಚಿದ ಎರಡು ಬೆಲ್ಟು, ಪಕ್ಕದಲ್ಲಿ ಸಂಖ್ಯೆ. ಇನ್ನಷ್ಟು ಚಾಚಿದ್ದು, ಸಂಖ್ಯೆ ಇನ್ನೂ ಕಮ್ಮಿ. ಕೊನೆಯದು ಪೂರ್ತಿ ಮಲಗಿದ್ದು, ಅದರ ಮೇಲೆ ಅಡ್ಡಗೆರೆ.

"ಅಮ್ಮ, ಇದೇ ಚಿತ್ರ. ಇದನ್ನೇ ನಾವು ಬರೆದಿದ್ದು."

ಹದಿನೇಳು ವರ್ಷ. ದಿನಕ್ಕೆ ಹತ್ತಿಪ್ಪತ್ತು ಲೇಬಲು ನಾನೇ ಕೈಯಾರೆ ನಾಲ್ಕು ಮೂಲೆಗೂ ಹೊಲಿದಿದ್ದೇನೆ. ಓದೋಕೆ ಬರಲ್ವಾ ಎಂದು ಅವನನ್ನು ಕೇಳಿದವಳೂ ನಾನೇ.

ಮೈದುನನ ಹತ್ತಿರ ಹೋಗಿ ಕೂತು, ಹಾಳೆಯನ್ನು ಅವನ ತೊಡೆಯ ಮೇಲಿಟ್ಟು, ಎಲ್ಲ ಹೇಳಿದೆ. ಅವನು ಬಾಣಗಳ ಮೇಲೆ ಬೆರಳಾಡಿಸಿದ. ನೀನು ಅವತ್ತೇ ಹೇಳಿದೆಯಲ್ಲ, ಹೇಗೆ ಗೊತ್ತಿತ್ತು ಎಂದು ಕೇಳಿದೆ. ಏನೂ ಗೊತ್ತಿರಲಿಲ್ಲ, ಅಡ್ಡ ಮಲಗಿದ ಬೆಲ್ಟನ್ನು ಬೆರಳಲ್ಲಿ ಮೀಟಿದರೆ ಸದ್ದು ಬೇರೆ ಬರುತ್ತದೆ, ಅಷ್ಟೇ ಎಂದ. ಹಾಗಿದ್ದರೂ ಯಾಕೆ ಕಟ್ಟಿದೆ? ಅದಕ್ಕೆ ಅವನು ಹಾಳೆ ಮಡಚಿ ನನ್ನ ಕೈಗೆ ಕೊಟ್ಟ. ಅವನ ಮೇಲೆ ಸಿಟ್ಟು ಬಂತು, ನನ್ನ ಮೇಲೆ ಬಂತು, ಆಮೇಲೆ ಯಾರ ಮೇಲೆ ಎಂದು ತಿಳಿಯದೆ ಬರೀ ಸಿಟ್ಟು ಉಳಿಯಿತು. ಎದ್ದು ಹೋಗಿ ಆಲೂಗಡ್ಡೆ ಆರಿಸಿದೆ.

ಸೋಮವಾರ ಗಡಿಯಾರದ ಕೋಣೆಯಲ್ಲಿ ನಾಲ್ಕು ಕುರ್ಚಿ ಹಾಕಿದ್ದರು. ತನಿಖೆಗೆ ಬಂದ ಎಂಜಿನಿಯರ್ ಹೆಚ್ಚುಕಮ್ಮಿ ನನ್ನ ವಯಸ್ಸಿನ ಹೆಂಗಸು. ಕನ್ನಡಕ ಮೂಗಿನ ಮೇಲೆ, ಇನ್ನೊಂದು ಕನ್ನಡಕ ತಲೆಯ ಮೇಲೆ. ಮೈದುನ ಊರುಗೋಲು ಗೋಡೆಗೆ ಆನಿಸಿ ಕೂತ. ನನ್ನ ಸರದಿ ಬಂದಾಗ, ಹೇಳೋಕೆ ಬರಲ್ಲ, ಬರೆದು ತೋರಿಸ್ತೀನಿ ಎಂದು ಹಾಳೆ ಕೇಳಿದೆ. ಗಡಿಯಾರ ಕೈ ನೋಡಿಕೊಂಡರು. ಕ್ರೇನು ಬರೆಯಲಿಲ್ಲ, ಲಾರಿ ಬರೆಯಲಿಲ್ಲ. ಒಂದು ಉದ್ದ ಡಬ್ಬಿ, ಕೆಳಗೆ ಒಂದು ಬಾಣ, ಓರೆಯಾಗಿ ಎರಡು. ಒಂದು ಬಾಣ ಸೊಟ್ಟಗಾಯಿತು.

ಎಂಜಿನಿಯರಮ್ಮ ಪೂರ್ತಿ ಬರೆಯಲು ಬಿಟ್ಟರು. ಆಮೇಲೆ ತಮ್ಮ ಫೈಲು ತೆರೆದು ಒಂದು ಹಾಳೆಯನ್ನು ನನ್ನದರ ಪಕ್ಕದಲ್ಲಿಟ್ಟರು. ಅದೇ ಡಬ್ಬಿ, ಅದೇ ಮೂರು ಬಾಣ. ಅಚ್ಚುಕಟ್ಟಾಗಿತ್ತು, ಅಷ್ಟೇ ವ್ಯತ್ಯಾಸ. ನಿಮ್ಮ ಹೊಲಿಗೇಲಿ ತಪ್ಪಿಲ್ಲ ಅಂತ ಶುಕ್ರವಾರವೇ ಗೊತ್ತಾಗಿತ್ತು ಎಂದರು. ನಾನು ಕಣ್ಣು ಕಣ್ಣು ಬಿಟ್ಟೆ. ಅಂದರೆ ನಾನು ಬಚಾವಾಗಿದ್ದೆ, ಈ ಬಾಣಗಳ ಹಂಗೇ ಇಲ್ಲದೆ. ಬಾಯಿ ಮುಚ್ಚಿಕೊಂಡು ಕೂತಿದ್ದರೂ ಏಳನೇ ನಂಬರು ನನ್ನದೇ ಆಗಿರುತ್ತಿತ್ತು. ಉಳಿದ ಪ್ರಶ್ನೆ ಒಂದೇ ಎಂದು ಅವರು ಮೈದುನನ ಕಡೆ ತಿರುಗಿದರು. ಗಿಡ್ಡ ಬೆಲ್ಟು ಆರಿಸಿದ್ದು ಯಾರು?

"ನಾನೇ ಕಟ್ಟಿದ್ದು ಮೇಡಂ," ಎಂದ ಅವನು. ನನ್ನ ಕಡೆ ನೋಡಲಿಲ್ಲ.

ಅವರು ಪೆನ್ನು ತೆಗೆದರು. ಕಾರ್ಡು ಹೋಯಿತು ಎಂದುಕೊಂಡೆ. ಎರಡು ಬೆರಳಿನ ಜೊತೆಗೆ ಕಾರ್ಡೂ. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೆ.

"ಅವನು ಕೇಳಿದ್ದು ಮೂರು ಮೀಟರ್‌ದು ಮೇಡಂ. ಎರಡು ಮೀಟರ್‌ದು ತಗೊಂಡು ಹೋಗು ಅಂದಿದ್ದು ನಾನು. ಬೇಡ ಅಂದ. ಎರಡೂ ಒಂದೇ ಅಂತ ಗದರಿಸಿ ಕಳಿಸಿದೆ."

ಪೆನ್ನು ನಿಂತಿತು. ಎಂಜಿನಿಯರಮ್ಮ ನನ್ನ ಹಾಳೆಯನ್ನೇ ನೋಡುತ್ತಾ, ಹಾಗಾದರೆ ಇದರಲ್ಲಿ ನಿಮ್ಮನ್ನ ಎಲ್ಲಿ ತೋರಿಸೋದು ಎಂದು ಕೇಳಿದರು. ಗೇಲಿ ಮಾಡಿದರೋ, ನಿಜಕ್ಕೂ ಕೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಎಲ್ಲೂ ಇಲ್ಲ ಮೇಡಂ, ನಾನು ಅದನ್ನ ಮುಟ್ಟಿರಲಿಲ್ಲ ಎಂದೆ.

ಅವರು ಇಬ್ಬರ ಬಗ್ಗೆಯೂ ಬರೆದರು. ಅವನ ಕಾರ್ಡು ರದ್ದಾಗಲಿಲ್ಲ, ಒಂದು ವರ್ಷಕ್ಕೆ ತಡೆಹಿಡಿದರು. ನನ್ನ ಏಳನೇ ನಂಬರು ರದ್ದಾಯಿತು. ಹೊಲಿಗೆ ಚೆನ್ನಾಗಿದ್ದರೂ ಗೊತ್ತಿಲ್ಲದ ಸಲಹೆ ಕೊಟ್ಟದ್ದಕ್ಕೆ. ವಾರದ ಕೊನೆಗೆ ಪ್ಯಾಕಿಂಗಿಗೆ ಹೋಗಬೇಕು, ಅಲ್ಲಿಯವರೆಗೆ ಮಷೀನಿನ ಮೇಲಿರುವ ಕೆಲಸ ಮುಗಿಸಿಕೊಡಬೇಕು ಎಂದು ಗಡಿಯಾರ ಹೇಳಿದರು. ಹೊರಗೆ ಬಂದ ಮೇಲೆ ಮೈದುನ ಸಂತೋಷಪಡುತ್ತಾನೆ ಎಂದುಕೊಂಡಿದ್ದೆ, ದಡ್ಡಿ ನಾನು. ಬಸ್ ಸ್ಟಾಪಿನವರೆಗೂ ಊರುಗೋಲು ಕುಟ್ಟಿಕೊಂಡು ನನಗಿಂತ ಮುಂದೆ ನಡೆದು, ಅಲ್ಲಿ ನಿಂತು ತಿರುಗಿದ.

"ಒಬ್ಬರದ್ದು ಹೋಗ್ತಿತ್ತು ಅತ್ತಿಗೆ. ಈಗ ಇಬ್ಬರದ್ದೂ ಹೋಯ್ತು. ಯಾಕೆ ಬೇಕಿತ್ತು ನಿಮಗೆ?"

ನಾನು ಮಾಡಿದ್ದು ಸರಿಯೋ ತಪ್ಪೋ, ಅವನಿಗಾಗಿ ಹೇಳಿದೆನೋ ನನಗಾಗಿಯೋ, ಯಾವುದಕ್ಕೆ ಎತ್ತ ಕಡೆ ಬಾಣ ಹಾಕಬೇಕೋ ತಿಳಿಯಲಿಲ್ಲ. ಬಸ್ಸು ಬಂತು, ಅವನ ರಟ್ಟೆ ಹಿಡಿದು ಹತ್ತಿಸಿದೆ. ಅವನು ಕೈ ಬಿಡಿಸಿಕೊಳ್ಳಲಿಲ್ಲ.

ಮಾರನೆಯ ದಿನ ಗೋಡೆಯ ಗಡಿಯಾರ ನೋಡಿಕೊಂಡು ಮಷೀನಿನ ಮುಂದೆ ಕೂತೆ. ಮೂರು ಮೀಟರಿನ ಆ ಎರಡನೇ ಬೆಲ್ಟು ಬುಧವಾರ ಎಲ್ಲಿ ನಿಂತಿತ್ತೋ ಅಲ್ಲೇ, ಸೂಜಿಯ ಕೆಳಗೇ ಇತ್ತು. ಯಾರೂ ಮುಟ್ಟಿರಲಿಲ್ಲ. ಅವಸರ ಮಾಡಲಿಲ್ಲ, ನಿಧಾನವನ್ನೂ ಮಾಡಲಿಲ್ಲ. ಯಾವಾಗಲೂ ಹೊಲಿಯುವ ಹಾಗೆಯೇ ಹೊಲಿದೆ. ಕುಣಿಕೆ ಮಡಚಿ, ಅಡ್ಡ ಹೊಲಿಗೆ ಹಾಕಿ, ಲೇಬಲಿನ ಚಿತ್ರಗಳನ್ನು ಒಂದೊಂದಾಗಿ ನೋಡಿ ನಾಲ್ಕು ಮೂಲೆಗೂ ಕೂರಿಸಿ, ದಾರ ಕತ್ತರಿಸಿ, ಮತ್ತೆ ಗೋಡೆಯ ಗಡಿಯಾರ ನೋಡಿದೆ.

ಬುಧವಾರ ಅವನಿಗೆ ನಲವತ್ತು ನಿಮಿಷ ಎಂದಿದ್ದೆ. ಇಪ್ಪತ್ತೆರಡು ನಿಮಿಷ ಆಗಿತ್ತು.